ಡೆಂಟಲ್ ನರ್ಸ್: ರೋಗಿಯ ಆರೈಕೆ ಮತ್ತು ಸುರಕ್ಷಿತ ಚಿಕಿತ್ಸೆ

ಹಲ್ಲಿನ ವೈದ್ಯರ ಎದುರುಬದಿಯಲ್ಲಿ ಕೂತು ಉಪಕರಣ ಕೈಗಿಡುವ, ಬಾಯಲ್ಲಿ ತುಂಬುವ ನೀರನ್ನೂ ರಕ್ತವನ್ನೂ ಸಕ್ಷನ್ನಿನಿಂದ ಎಳೆಯುವ, ರೋಗಿಯ ಮೇಲೆ ಕಣ್ಣಿಟ್ಟಿರುವ, ಕೊನೆಗೆ ಬಳಸಿದ್ದನ್ನೆಲ್ಲ ತೊಳೆದು ಕ್ರಿಮಿಶುದ್ಧಗೊಳಿಸುವ ತರಬೇತಿ ಪಡೆದ ಸಹಾಯಕರನ್ನು ಬ್ರಿಟನ್, ಐರ್ಲೆಂಡ್‌ಗಳಲ್ಲಿ ಡೆಂಟಲ್ ನರ್ಸ್ ಎನ್ನುತ್ತಾರೆ. ಅಮೆರಿಕದಲ್ಲೂ ಭಾರತದಲ್ಲೂ ಡೆಂಟಲ್ ಅಸಿಸ್ಟೆಂಟ್ ಎಂಬ ಹೆಸರು ರೂಢಿಯಲ್ಲಿದೆ. ನ್ಯೂಜಿಲೆಂಡಿನ ಕಥೆ ಬೇರೆ: ಅಲ್ಲಿ 1921ರಲ್ಲಿ ಶುರುವಾದ ಶಾಲಾ ದಂತಸೇವೆಯ ಡೆಂಟಲ್ ನರ್ಸ್‌ಗಳು ಮಕ್ಕಳ ಹುಳುಕು ಹಲ್ಲಿಗೆ ತಾವೇ ಸಿಮೆಂಟ್ ತುಂಬುತ್ತಿದ್ದರು, ಹಲ್ಲು ಕೀಳುತ್ತಿದ್ದರು. ಈ ಲೇಖನದ ವಿಷಯ ಬ್ರಿಟನ್ನಿನ ಅರ್ಥದ ಡೆಂಟಲ್ ನರ್ಸ್, ಜೊತೆಗೆ ಅದೇ ಕೆಲಸವನ್ನು ಬೇರೆ ಕಾನೂನಿನಡಿ, ಹಲವೆಡೆ ಕಾನೂನಿನ ನೆರಳೇ ಇಲ್ಲದೆ, ಮಾಡುತ್ತಿರುವ ಕರ್ನಾಟಕದ ಸಹಾಯಕಿಯರು.

ಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯರ ದೃಷ್ಟಿ ಒಂದೇ ಹಲ್ಲಿನ ಮೇಲೆ ನೆಟ್ಟಿರುತ್ತದೆ. ಭೂತಗನ್ನಡಿ ಹಾಕಿಕೊಂಡಿದ್ದರಂತೂ ಪಕ್ಕದ ತುಟಿಯೂ ಕಾಣುವುದಿಲ್ಲ. ರೋಗಿಯ ಬಾಯಿ ತೆರೆದಿದ್ದರೂ ಮಾತಾಡುವಂತಿಲ್ಲ. ಮುಖ ಬಿಳಿಚುತ್ತಿದೆಯೇ, ಕೈ ಚೇರಿನ ತೋಳನ್ನು ಬಿಗಿಯಾಗಿ ಹಿಡಿದಿದೆಯೇ, ಕೆಲಸ ನಡೆದಿರುವುದು ಸರಿಯಾದ ಹಲ್ಲಿನ ಮೇಲೆಯೇ ಎಂದು ನೋಡುವಷ್ಟು ಬಿಡುವಾದ ಕಣ್ಣು ಆ ಕೋಣೆಯಲ್ಲಿ ನರ್ಸ್‌ಗೆ ಮಾತ್ರ ಇರುತ್ತದೆ. ದಂತಚಿಕಿತ್ಸೆಯ ಸುರಕ್ಷತೆಯ ದೊಡ್ಡ ಪಾಲು ಅವರ ಮೇಲೆ ಬಿದ್ದಿರುವುದು ಇದರಿಂದಲೇ.

ಹಿನ್ನೆಲೆ

ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಸಿ. ಎಡ್ಮಂಡ್ ಕೆಲ್ಸ್ 1885ರಲ್ಲಿ ಮಾಲ್ವಿನಾ ಕ್ಯೂರಿಯಾ ಎಂಬಾಕೆಯನ್ನು ಸಹಾಯಕಿಯಾಗಿ ಇಟ್ಟುಕೊಂಡ. ಈ ವೃತ್ತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಆ ಕಾಲದಲ್ಲಿ ಹೆಂಗಸರು ಒಂಟಿಯಾಗಿ ವೈದ್ಯರ ಕೋಣೆಗೆ ಹೋಗುವುದು ಮರ್ಯಾದೆಯ ಮಾತಾಗಿರಲಿಲ್ಲ. ಒಳಗೆ ಹೆಣ್ಣುಮಗಳೊಬ್ಬಳು ಇರುತ್ತಾಳೆ ಎಂದರೆ ಗಂಡನೋ ಅಣ್ಣನೋ ಜೊತೆಗೆ ಬರಬೇಕಾಗಿರಲಿಲ್ಲ. ಹೀಗಾಗಿ ದಂತವೈದ್ಯರು ತಮ್ಮಲ್ಲಿ ಮಹಿಳಾ ಸಹಾಯಕಿ ಇದ್ದಾಳೆಂದು ಕಿಟಕಿಗೆ ಬೋರ್ಡ್ ಹಾಕತೊಡಗಿದರು. ಕೆಲ್ಸ್‌ನ ಹೆಸರು ಇನ್ನೆರಡು ಕಡೆಯೂ ಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೀರುವ ಸಕ್ಷನ್ ಯಂತ್ರವನ್ನು ರೂಢಿಗೆ ತಂದವರಲ್ಲಿ ಅವನೊಬ್ಬ. 1896ರಲ್ಲಿ, ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, ಅದನ್ನು ಹಲ್ಲಿಗೆ ಬಳಸಿದವರಲ್ಲೂ ಅವನೊಬ್ಬ. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಕಿರಣಕ್ಕೆ ತನ್ನ ಕೈಯನ್ನೇ ಒಡ್ಡುತ್ತಿದ್ದ. ಬೆರಳುಗಳಿಗೆ ಕ್ಯಾನ್ಸರ್ ಹತ್ತಿತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಯಾಗಿ ಬೆರಳು, ಕೈ, ತೋಳು ಹೋದವು. 1928ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಎಕ್ಸ್‌ರೇ ಫಿಲ್ಮನ್ನು ರೋಗಿಯ ಬಾಯಲ್ಲಿ ಸಿಬ್ಬಂದಿ ಎಂದೂ ಬೆರಳಿನಿಂದ ಹಿಡಿದುಕೊಳ್ಳಬಾರದು ಎಂದು ಇಂದು ಡೆಂಟಲ್ ನರ್ಸ್‌ಗಳಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ.

ಬ್ರಿಟನ್ನಿನಲ್ಲಿ ಡೆಂಟಲ್ ನರ್ಸ್‌ಗಳ ಸಂಘ ಹುಟ್ಟಿದ್ದು 1940ರಲ್ಲಿ. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರು ಬೇಕಾದರೂ ಈ ಕೆಲಸ ಮಾಡಬಹುದಿತ್ತು. 2008ರಿಂದ ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿ ಕಡ್ಡಾಯವಾಯಿತು. ಮಾನ್ಯ ಅರ್ಹತೆ ಇರಬೇಕು, ಇಲ್ಲವೇ ಅದಕ್ಕಾಗಿ ಓದುತ್ತ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ತರಬೇತಿ ಅಭ್ಯರ್ಥಿಯಾಗಿರಬೇಕು. ನೋಂದಾಯಿತರು 5 ವರ್ಷಕ್ಕೆ 50 ಗಂಟೆ ಮುಂದುವರಿಕೆ ಕಲಿಕೆಯನ್ನು ತೋರಿಸಬೇಕು. ಕೌನ್ಸಿಲ್ 2013ರಲ್ಲಿ ಹೊರತಂದ ಒಂಬತ್ತು ತತ್ವಗಳ ನಡವಳಿಕೆ ಸಂಹಿತೆ ವೈದ್ಯರಿಗೂ ನರ್ಸ್‌ಗೂ ಒಂದೇ. ಅದರಲ್ಲಿ ಒಂದು ಅಂಶ ಗಮನಿಸತಕ್ಕದ್ದು: ತುರ್ತು ಸಂದರ್ಭದಂಥ ಕೆಲವು ಅಪವಾದ ಬಿಟ್ಟರೆ, ಚಿಕಿತ್ಸೆ ಮಾಡುವವರು ರೋಗಿಯೊಂದಿಗೆ ಒಬ್ಬರೇ ಇರಬಾರದು; ತುರ್ತುಸ್ಥಿತಿ ನಿಭಾಯಿಸಬಲ್ಲ ತರಬೇತಾದ ಇನ್ನೊಬ್ಬರು ಕೋಣೆಯಲ್ಲಿ ಇರಲೇಬೇಕು. ನರ್ಸ್ ರಜೆ ಹಾಕಿದರೆ ಅಪಾಯಿಂಟ್‌ಮೆಂಟ್ ಮುಂದೂಡಬೇಕಾದಷ್ಟು ಅವರು ಅನಿವಾರ್ಯರಾದರು.

ರೋಗಿಯ ಜೊತೆ

ಆರೈಕೆ ಶುರುವಾಗುವುದು ಕಾಯಿಲೆಯ ಪೂರ್ವಚರಿತ್ರೆ ಕೇಳುವುದರಿಂದ. ನಮ್ಮ ಊರುಗಳಲ್ಲಿ 'ಬಿಪಿ, ಶುಗರ್ ಇದೆಯಾ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರ ಸಲೀಸಾಗಿ ಬರುತ್ತದೆ. ಮಾತ್ರೆ ನುಂಗಿ ಹತೋಟಿಯಲ್ಲಿದೆ ಅಂದರೆ ಕಾಯಿಲೆಯೇ ಇಲ್ಲ ಎಂಬ ಲೆಕ್ಕ. 'ದಿನಾ ಯಾವ ಮಾತ್ರೆ ತಗೋತೀರಿ ಅಜ್ಜಿ? ಚೀಟಿ ಇದ್ರೆ ತೋರಿಸಿ' ಎಂದು ಕೇಳಿದಾಗ ಚೀಲದಿಂದ ರಕ್ತ ತೆಳುಮಾಡುವ ಮಾತ್ರೆಯ ಪಟ್ಟಿ ಹೊರಬರುತ್ತದೆ. ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದೆ ಪೇಚಾಡುವುದಕ್ಕಿಂತ ಆ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳುವುದು ಲೇಸು. ಪೆನಿಸಿಲಿನ್ ಅಲರ್ಜಿ, ಹೃದಯದ ಕವಾಟದ ತೊಂದರೆ, ಬಸಿರು, ಮೂಳೆ ಸವೆತಕ್ಕೆ ಕೊಡುವ ಕೆಲವು ಔಷಧಗಳು, ಇವನ್ನೂ ಹೀಗೆಯೇ ಕೆದಕಿ ತಿಳಿಯಬೇಕು. ಪ್ರತಿ ಭೇಟಿಯಲ್ಲೂ ಕೇಳಬೇಕು. ಹೋದ ತಿಂಗಳ ಉತ್ತರ ಈ ತಿಂಗಳಿಗೆ ಆಗುವುದಿಲ್ಲ.

ಭಯಪಡುವವರಿಗೆ ಒಂದು ಸಂಜ್ಞೆಯನ್ನು ಮೊದಲೇ ಹೇಳಿಕೊಡುವುದು ವಾಡಿಕೆ: ನೋವಾದರೆ ಎಡಗೈ ಎತ್ತಿ. ಬಲಗೈ ಬಳಸುವ ವೈದ್ಯರು ಕೂರುವುದು ರೋಗಿಯ ಬಲಕ್ಕೆ, ನರ್ಸ್ ಕೂರುವುದು ಎಡಕ್ಕೆ. ಎತ್ತಿದ ಕೈ ವೈದ್ಯರ ತೋಳಿಗೆ ತಾಗುವುದಿಲ್ಲ, ನರ್ಸ್ ಕಣ್ಣಿಗಂತೂ ಬಿದ್ದೇ ಬೀಳುತ್ತದೆ. ಕೈ ಎತ್ತಿದಾಗ ಕೆಲಸ ನಿಲ್ಲಬೇಕು. ಒಮ್ಮೆ ನಿಲ್ಲದಿದ್ದರೆ ಆ ಸಂಜ್ಞೆಯ ಮೇಲೆ ರೋಗಿಗೆ ನಂಬಿಕೆ ಹೋಗುತ್ತದೆ, ಮುಂದಿನ ಸಲ ಅವರು ಬರುವುದು ಹಲ್ಲು ಪೂರಾ ಹಾಳಾದ ಮೇಲೆಯೇ.

ಚಿಕಿತ್ಸೆಯ ನಂತರದ ಸೂಚನೆಗಳನ್ನು ಹೇಳುವುದೂ ಬಹುಮಟ್ಟಿಗೆ ನರ್ಸ್ ಪಾಲಿನದು. ಹಲ್ಲು ಕಿತ್ತ ಜಾಗದಲ್ಲಿ ಇಟ್ಟ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಆ ದಿನ ಮುಕ್ಕಳಿಸಬಾರದು, ಬೀಡಿ ಸೇದಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಉಗುಳಬಾರದು. ಕನ್ನಡನಾಡಿನ ರೋಗಿ ಕೇಳದ ಸೂಚನೆ ಯಾವುದೆಂದರೆ ಇದೇ: ರಕ್ತದ ರುಚಿ ಬಂದೊಡನೆ ಉಗುಳುತ್ತಾರೆ, ಉಗುಳಿದಷ್ಟೂ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮತ್ತೆ ಜಿನುಗುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಇಂಜೆಕ್ಷನ್‌ನಿಂದ ಜೋಮುಹಿಡಿದ ತುಟಿಯನ್ನು ಮಗು ಆಟಕ್ಕೆಂದು ಅಗಿದು ಹುಣ್ಣು ಮಾಡಿಕೊಳ್ಳುತ್ತದೆ. ಜೋಮು ಇಳಿಯುವ ತನಕ ಏನೂ ತಿನ್ನಿಸಬೇಡಿ, ಕಣ್ಣಿಟ್ಟಿರಿ ಎಂದು ತಾಯಿಗೆ ಹೇಳದೆ ಕಳಿಸಬಾರದು.

ನಾಲ್ಕು ಕೈಗಳ ಕೆಲಸ

ವೈದ್ಯರೂ ಸಹಾಯಕರೂ ಕೂತು ಜೊತೆಯಾಗಿ ಮಾಡುವ ಚಿಕಿತ್ಸಾಕ್ರಮಕ್ಕೆ ನಾಲ್ಕು ಕೈಗಳ ದಂತಚಿಕಿತ್ಸೆ ಎಂದು ಹೆಸರು. ರೋಗಿಯ ತಲೆಯನ್ನು ಗಡಿಯಾರದ ಮುಖ ಎಂದುಕೊಂಡು, ನೆತ್ತಿಯ ಕಡೆ 12 ಎಂದಿಟ್ಟರೆ, ಬಲಗೈ ವೈದ್ಯರ ಜಾಗ 7ರಿಂದ 12, ನರ್ಸ್ ಜಾಗ 2ರಿಂದ 4. ಉಪಕರಣದ ಕೊಡುಕೊಳ್ಳುವಿಕೆ 4 ಮತ್ತು 7ರ ನಡುವೆ, ಗದ್ದದ ಕೆಳಗೆ, ಎದೆಯ ಮೇಲ್ಭಾಗದಲ್ಲಿ ನಡೆಯಬೇಕು. ಚೂಪು ಉಪಕರಣ ಮುಖದ ಮೇಲಿಂದ ಹಾಯಬಾರದು. ರೋಗಿಗೂ ರಕ್ಷಣೆಯ ಕನ್ನಡಕ ಹಾಕುವುದು ಇದೇ ಕಾರಣಕ್ಕೆ. ನರ್ಸ್ ಆಸನ ವೈದ್ಯರದಕ್ಕಿಂತ 10–15 ಸೆಂಟಿಮೀಟರ್ ಎತ್ತರವಿರಬೇಕು, ಇಲ್ಲವಾದರೆ ಬಾಯೊಳಗೆ ಕಾಣುವುದಿಲ್ಲ, ಬಗ್ಗಿ ಬಗ್ಗಿ ಕುತ್ತಿಗೆ, ಸೊಂಟ ಹಿಡಿಯುತ್ತವೆ.

ಸಕ್ಷನ್ ಹಿಡಿಯುವುದು ನೋಡಲು ಸುಲಭ. ದಪ್ಪ ನಳಿಗೆಯ ತುದಿಯನ್ನು ಹಲ್ಲಿಗೆ ಹತ್ತಿರವಾಗಿ, ಡ್ರಿಲ್ಲಿನ ನೀರು ಸಿಡಿಯುವ ದಿಕ್ಕಿಗೆ ಎದುರಾಗಿ ಹಿಡಿಯಬೇಕು. ನಾಲಿಗೆಯನ್ನು ಅದೇ ನಳಿಗೆಯಿಂದ ಪಕ್ಕಕ್ಕೆ ಸರಿಸಿರಬೇಕು. ಮೃದು ಅಂಗುಳಿಗೆ ತಾಗಿದರೆ ರೋಗಿ ಓಕರಿಸುತ್ತಾರೆ. ಸರಿಯಾಗಿ ಹಿಡಿದರೆ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳನ್ನು ಶೇಕಡ 90ರವರೆಗೆ ತಗ್ಗಿಸಬಹುದೆಂದು ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಈ ಮಾತಿಗೆ ಬೆಲೆ ಬಂತು. ಎಂಜಲು ಹೀರುವ ಸಣ್ಣ ನಳಿಗೆಯಲ್ಲಿ ಮಾತ್ರ ಒಂದು ಅಪಾಯ ಅಡಗಿದೆ. 'ಬಾಯಿ ಮುಚ್ಚಿ, ಎಳ್ಕೊಳ್ಳುತ್ತೆ' ಎಂದು ಹೇಳುವುದು ಎಷ್ಟೋ ಕ್ಲಿನಿಕ್ಕುಗಳ ಅಭ್ಯಾಸ. ರೋಗಿ ಅದರ ಸುತ್ತ ತುಟಿ ಬಿಗಿದಾಗ ಬಾಯಲ್ಲಿನ ಒತ್ತಡ ನಳಿಗೆಯ ಒತ್ತಡಕ್ಕಿಂತ ಕಡಿಮೆಯಾಗಿ, ಕೊಳವೆಯಲ್ಲಿ ಉಳಿದಿದ್ದ ಹಿಂದಿನ ರೋಗಿಯ ಎಂಜಲು ಹಿಮ್ಮುಖವಾಗಿ ಹರಿದು ಬರಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಬಗ್ಗೆ ಎಚ್ಚರಿಸಿದೆ.

ಕರ್ನಾಟಕದಲ್ಲಿ ಇನ್ನೊಂದು ಕಷ್ಟವಿದೆ. ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರ ಬಿಗಿದುಹೋದವರಿಗೆ ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ. ದಪ್ಪ ನಳಿಗೆ ಅಲ್ಲಿ ತೂರುವುದಿಲ್ಲ. ಸಪೂರ ತುದಿಯನ್ನು ಬಳಸಿ, ಮೇಲಿಂದ ಮೇಲೆ ಕೆಲಸ ನಿಲ್ಲಿಸಿ, ದವಡೆಗೆ ವಿಶ್ರಾಂತಿ ಕೊಡಬೇಕು. ಬ್ರಿಟನ್ನಿನ ಪಠ್ಯಪುಸ್ತಕ ನಂಬಿ ಕಲಿತವರಿಗೆ ಇದು ಹೊಸತು.

ತಪ್ಪು ಹಲ್ಲು

ಕೀಳಬೇಕಾದ ಹಲ್ಲು ಬಿಟ್ಟು ಬೇರೆ ಹಲ್ಲನ್ನು ಕಿತ್ತರೆ ಅದನ್ನು ಹಿಂದಕ್ಕೆ ತರುವಂತಿಲ್ಲ. ಬಹುತೇಕ ಸಲ ಎಡವಟ್ಟಾಗುವುದು ಕೈಯಿಂದಲ್ಲ, ಕಾಗದದಿಂದ. ಭಾರತದಲ್ಲಿ ಬಳಕೆಯಲ್ಲಿರುವ ಎರಡಂಕಿಯ ಪದ್ಧತಿಯಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗವನ್ನೂ ಎರಡನೆಯದು ನಡುಗೆರೆಯಿಂದ ಎಷ್ಟನೇ ಹಲ್ಲು ಎಂಬುದನ್ನೂ ಸೂಚಿಸುತ್ತದೆ. ಎಡಗಡೆ ಕೆಳದವಡೆಯ ಮೊದಲ ದೊಡ್ಡ ದವಡೆಹಲ್ಲು 36, ಬಲಗಡೆಯದು 46. ಓದಬೇಕಾದದ್ದು 'ಮೂರು-ಆರು' ಎಂದು, 'ಮೂವತ್ತಾರು' ಎಂದಲ್ಲ. ಎಡ-ಬಲ ರೋಗಿಯದು, ಎದುರು ಕೂತವರಿಗೆ ಅದು ತಿರುಗುಮುರುಗು. ಕ್ಲಿಪ್ ಹಾಕಿಸಲು ಸರಿಯಾಗಿರುವ ಚಿಕ್ಕ ದವಡೆಹಲ್ಲನ್ನೇ ಕೀಳಿಸುವಾಗ ಗೊಂದಲ ಹೆಚ್ಚು, ಏಕೆಂದರೆ ಹುಳುಕಿನ ಗುರುತು ನೋಡಿ ಹಲ್ಲು ಪತ್ತೆ ಮಾಡುವಂತಿಲ್ಲ, ಅಕ್ಕಪಕ್ಕದ ಎರಡೂ ಒಂದೇ ಥರ ಕಾಣುತ್ತವೆ. ಇಂಜೆಕ್ಷನ್ನಿಗೆ ಮೊದಲು ನರ್ಸ್ ಗಟ್ಟಿಯಾಗಿ ರೋಗಿಯ ಹೆಸರು, ಹಲ್ಲಿನ ಸಂಖ್ಯೆ, ಎಕ್ಸ್‌ರೇ ಮೂರನ್ನೂ ಓದಿ ತಾಳೆ ನೋಡುವುದು, ವೈದ್ಯರು ಹಲ್ಲಿನ ಮೇಲೆ ಬೆರಳಿಟ್ಟು ಹೌದೆನ್ನುವುದು ಒಂದು ನಿಮಿಷದ ಕೆಲಸ. ವೈದ್ಯರ ಮಾತಿಗೆ ಎದುರಾಡುವುದು ಹೇಗೆ ಎಂದು ಸಂಕೋಚಪಡುವ ಸಹಾಯಕಿ ಇದ್ದಲ್ಲಿ ಈ ತಾಳೆ ನೋಡುವಿಕೆ ಬರೀ ಶಾಸ್ತ್ರಕ್ಕೆ ನಡೆಯುತ್ತದೆ.

ಚೀಟಿ ಅಂಟಿಸದ ಸಿರಿಂಜು ಇನ್ನೊಂದು ಬಲೆ. ಬ್ರಿಟನ್ನಿನಲ್ಲಿ ಮರಗಟ್ಟಿಸುವ ಔಷಧ ಒಬ್ಬರಿಗೊಂದರಂತೆ ಗಾಜಿನ ಕಾರ್ಟ್ರಿಜ್‌ನಲ್ಲಿ ಬರುತ್ತದೆ. ನಮ್ಮಲ್ಲಿ ಹಲವೆಡೆ 30 ಮಿಲಿಲೀಟರ್ ಶೀಶೆಯಿಂದ ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಳ್ಳುವ ರೂಢಿ. ರೂಟ್ ಕೆನಾಲ್ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್ ತುಂಬುವುದೂ ಅಂಥದೇ ಸಿರಿಂಜಿಗೆ. ಎರಡೂ ನೀರಿನಂತೆ ತಿಳಿ. ಅದಲುಬದಲಾಗಿ ಹೈಪೊಕ್ಲೋರೈಟನ್ನು ಒಸಡಿಗೆ ಚುಚ್ಚಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಮುಖ ಊದಿಕೊಂಡು ಒಳಗಿನ ಮಾಂಸ ಸುಡುತ್ತದೆ. ಬೇರೆ ಬಣ್ಣದ ಸಿರಿಂಜು, ತುಂಬಿದ ಕೂಡಲೇ ಚೀಟಿ, ಎರಡನ್ನೂ ಒಂದೇ ಟ್ರೇಯಲ್ಲಿ ಇಡದಿರುವುದು: ಇಷ್ಟೇ ಬೇಕಾದದ್ದು. ಶೀಶೆಗೆ ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜು ಹಾಕಬೇಕು; ತೆರೆದ ದಿನಾಂಕವನ್ನು ಶೀಶೆಯ ಮೇಲೆಯೇ ಬರೆಯಬೇಕು.

ಹಿಂದಿನ ಕೋಣೆ

ರೋಗಿಗೆ ಕಾಣದ ಕೆಲಸವೇ ರೋಗಿಯನ್ನು ಹೆಚ್ಚು ಕಾಪಾಡುತ್ತದೆ. ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಎಚ್‌ಟಿಎಂ 01-05 ಎಂಬ ಕೈಪಿಡಿ, 2013ರ ಪರಿಷ್ಕೃತ ರೂಪದಲ್ಲಿ, ಇದನ್ನು ವಿವರವಾಗಿ ಹೇಳುತ್ತದೆ. ಕೋಣೆಯಲ್ಲಿ ಉಪಕರಣ ಒಂದೇ ದಿಕ್ಕಿಗೆ ಸಾಗಬೇಕು: ಕೊಳೆಯ ಕಡೆಯಿಂದ ಶುದ್ಧದ ಕಡೆಗೆ. ಕೈಯಲ್ಲಿ ತೊಳೆಯುವುದಾದರೆ ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹೆಚ್ಚು ಬಿಸಿಯಾದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಲೋಹಕ್ಕೆ ಅಂಟಿಬಿಡುತ್ತದೆ. ಬಿಸಿನೀರಿನಲ್ಲಿ ಕೊಳೆ ಚೆನ್ನಾಗಿ ಹೋಗುತ್ತದೆ ಎಂಬ ಅಡುಗೆಮನೆಯ ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬಾರದು. ಉದ್ದ ಹಿಡಿಯ ಬ್ರಷ್‌ನಿಂದ, ಉಪಕರಣವನ್ನು ನೀರಿನೊಳಗೆ ಮುಳುಗಿಸಿಟ್ಟೇ ಉಜ್ಜಬೇಕು. ಮೇಲೆತ್ತಿ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಬಳಿಕ ದೀಪವಿರುವ ಭೂತಗನ್ನಡಿಯಡಿ ಒಂದೊಂದನ್ನೂ ನೋಡಿ, ಕೊಳೆ ಉಳಿದಿದ್ದರೆ ಮತ್ತೆ ಮೊದಲಿನಿಂದ ತೊಳೆಯಬೇಕು. ಕೊಳೆ ಹೋಗದ ಉಪಕರಣವನ್ನು ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಅದು ಶುದ್ಧವಾಯಿತೆಂದು ನಂಬುವಂತಿಲ್ಲ.

ಬ್ರಿಟನ್ನಿನಲ್ಲಿ ಆಟೋಕ್ಲೇವ್‌ನ ಅಳತೆ 134ರಿಂದ 137 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ. ನಮ್ಮ ಸಣ್ಣ ಕ್ಲಿನಿಕ್ಕುಗಳ ಯಂತ್ರಗಳಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ, ಪೊಟ್ಟಣ ಕಟ್ಟಿದ್ದರೆ ಇನ್ನೂ ಹೆಚ್ಚು. ಗಾಳಿಯನ್ನು ಮೊದಲೇ ಹೀರಿ ತೆಗೆಯದ ಯಂತ್ರದಲ್ಲಿ ಪೊಟ್ಟಣ ಕಟ್ಟಿದ ಅಥವಾ ಟೊಳ್ಳಾದ ಉಪಕರಣದ ಒಳಕ್ಕೆ ಹಬೆ ಸರಿಯಾಗಿ ಹೊಗುವುದಿಲ್ಲ. ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಿಸಿದೆ ಎಂದಾಕ್ಷಣ ಕ್ರಿಮಿ ಸತ್ತಿವೆ ಎಂದಲ್ಲ. ಪೊಟ್ಟಣಕ್ಕೆ ಬಿಸಿ ತಾಗಿದೆ ಎಂದಷ್ಟೇ. ಖಾತ್ರಿಗೆ ಬ್ಯಾಕ್ಟೀರಿಯಾ ಬೀಜಕಗಳಿರುವ ಪಟ್ಟಿಯನ್ನು ಒಳಗಿಟ್ಟು ಪರೀಕ್ಷಿಸಬೇಕು, ವಾರಕ್ಕೊಮ್ಮೆಯಾದರೂ. ಡ್ರಿಲ್ಲಿನ ಹ್ಯಾಂಡ್‌ಪೀಸ್ ಅನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಮುಂದಿನವರಿಗೆ ಬಳಸುವ ಚಾಳಿ ಹಲವೆಡೆ ಹೋಗಿಲ್ಲ. ಅದರ ಒಳಭಾಗ ಹಿಂದಿನವರ ಎಂಜಲನ್ನು ಎಳೆದುಕೊಂಡಿರುತ್ತದೆ, ಒರೆಸುವುದರಿಂದ ಏನೂ ಆಗದು. ಹಳ್ಳಿಯ ಉಚಿತ ಶಿಬಿರಗಳಲ್ಲಿ ಎಷ್ಟು ಜನರ ಹಲ್ಲು ಕೀಳಬಹುದು ಎಂಬುದನ್ನು ನಿರ್ಧರಿಸಬೇಕಾದದ್ದು ಶುದ್ಧ ಉಪಕರಣಗಳ ಸೆಟ್ ಎಷ್ಟಿವೆ ಎಂಬ ಲೆಕ್ಕ, ಸಾಲಿನಲ್ಲಿ ನಿಂತವರ ಸಂಖ್ಯೆಯಲ್ಲ. ಕುದಿನೀರಿನಲ್ಲಿ ಅದ್ದಿ ತೆಗೆದರೆ ಬೀಜಕಗಳು ಸಾಯುವುದಿಲ್ಲ.

ಶುದ್ಧೀಕರಣ ತಪ್ಪಿದ ಶಂಕೆಯೊಂದೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2014ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಘಟನೆ ಸಾಕ್ಷಿ. ಒಬ್ಬ ದಂತವೈದ್ಯ ರೋಗಿಯಿಂದ ರೋಗಿಗೆ ಕೈಗವಸು, ಉಪಕರಣ ಬದಲಿಸದೆ ಕೆಲಸ ಮಾಡುತ್ತಿದ್ದುದು ಗುಟ್ಟಾಗಿ ತೆಗೆದ ವಿಡಿಯೋದಿಂದ ಬಯಲಾಗಿ, ಸುಮಾರು 22,000 ಮಾಜಿ ರೋಗಿಗಳನ್ನು ರಕ್ತಪರೀಕ್ಷೆಗೆ ಕರೆಯಬೇಕಾಯಿತು. ಬ್ರಿಟನ್ನಿನ ಸಂಹಿತೆಯಲ್ಲಿ ಇಂಥದ್ದನ್ನು ಕಂಡ ನರ್ಸ್ ದೂರು ಕೊಡುವುದು ಹಕ್ಕು ಮಾತ್ರವಲ್ಲ, ಕರ್ತವ್ಯ. ಸುಮ್ಮನಿದ್ದರೆ ಅವರ ಹೆಸರೇ ನೋಂದಣಿಯಿಂದ ಹೋಗಬಹುದು.

ಚೇರಿನ ನೀರಿನ ಕೊಳವೆಗಳನ್ನು ಯಾರೂ ನೆನೆಯುವುದಿಲ್ಲ. ಸಪೂರ ಪ್ಲಾಸ್ಟಿಕ್ ಕೊಳವೆಯಲ್ಲಿ ರಾತ್ರಿಯಿಡೀ ನೀರು ನಿಂತಾಗ ಒಳಗೋಡೆಗೆ ಬ್ಯಾಕ್ಟೀರಿಯಾದ ಲೋಳೆ ಹತ್ತುತ್ತದೆ. ಇಟಲಿಯಲ್ಲಿ 2011ರಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜಿಯನೆಲ್ಲಾ ಸೋಂಕಿನಿಂದ ತೀರಿಕೊಂಡರು; ಮೂಲ ಹುಡುಕಿದಾಗ ಸಿಕ್ಕಿದ್ದು ದಂತಚಿಕಿತ್ಸಾಲಯದ ನೀರಿನ ಕೊಳವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಹಾಲುಹಲ್ಲಿನ ಬೇರಿನ ಚಿಕಿತ್ಸೆಗೆ ಬಂದ ಮಕ್ಕಳಿಗೆ ಇಂಥದೇ ನೀರಿನಿಂದ ದವಡೆಮೂಳೆಯ ಸೋಂಕು ತಗುಲಿತ್ತು. ಬೆಳಗ್ಗೆ 2 ನಿಮಿಷ, ಪ್ರತಿ ರೋಗಿಯ ನಂತರ 20–30 ಸೆಕೆಂಡು ನೀರು ಹರಿಯಬಿಡುವುದು, ಔಷಧ ಹಾಕಿ ಕೊಳವೆ ತೊಳೆಯುವುದು ನರ್ಸ್‌ಗಳ ದಿನಚರಿ. ಶಸ್ತ್ರಚಿಕಿತ್ಸೆಗೆ ಚೇರಿನ ನೀರು ಬೇಡವೇ ಬೇಡ. ಕ್ರಿಮಿರಹಿತ ಸಲೈನ್ ಆಗಬೇಕು.

ಸೂಜಿ ಚುಚ್ಚಿದರೆ

ಸೋಂಕಿತ ರಕ್ತದ ಸೂಜಿ ಚುಚ್ಚಿದಾಗಿನ ಅಪಾಯಕ್ಕೆ ಮೂರರ ಲೆಕ್ಕವೊಂದಿದೆ: ಹೆಪಟೈಟಿಸ್ ಬಿ ಲಸಿಕೆ ಇಲ್ಲದವರಿಗೆ 3ರಲ್ಲಿ 1ರವರೆಗೆ, ಹೆಪಟೈಟಿಸ್ ಸಿ 30ರಲ್ಲಿ 1, ಎಚ್‌ಐವಿ 300ರಲ್ಲಿ 1. ಎಚ್‌ಐವಿ ಎಂದರೆ ಬೆಚ್ಚಿಬೀಳುವವರು ನೂರು ಪಟ್ಟು ಸುಲಭವಾಗಿ ಹರಡಬಲ್ಲ ಹೆಪಟೈಟಿಸ್ ಬಿ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಲಸಿಕೆ ಇರುವುದು ಅದಕ್ಕೇ. 0, 1, 6ನೇ ತಿಂಗಳಲ್ಲಿ ಮೂರು ಡೋಸ್, ಆಮೇಲೆ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ. ಸಹಾಯಕಿಯನ್ನು ಕೆಲಸಕ್ಕೆ ಸೇರಿಸಿಕೊಂಡ ವೈದ್ಯರು ಈ ಖರ್ಚನ್ನು ಆಕೆಯ ಸಂಬಳದಿಂದ ಹಿಡಿಯುವುದು ನಾಚಿಕೆಗೇಡು.

ಗಾಯಗಳು ಬಹಳಷ್ಟು ಆಗುವುದು ಚಿಕಿತ್ಸೆ ಮುಗಿದ ಮೇಲೆ, ಟ್ರೇ ಎತ್ತುವಾಗ, ತೊಳೆಯುವಾಗ. ಹತ್ತಿಯಡಿ ಮರೆತುಹೋದ ಸೂಜಿ ಕಾಣುವುದಿಲ್ಲ. ಆದ್ದರಿಂದ ಚುಚ್ಚಿದವರೇ ಸೂಜಿಯನ್ನು ವಿಲೇವಾರಿ ಮಾಡಬೇಕೆಂಬುದು ನಿಯಮ. ಎರಡೂ ಕೈ ಬಳಸಿ ಮುಚ್ಚಳ ಹಾಕಬಾರದು. ಹಾಕಲೇಬೇಕಾದರೆ ಮುಚ್ಚಳವನ್ನು ಟ್ರೇಯಲ್ಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಬೇಕು. ಚುಚ್ಚಿಕೊಂಡರೆ ಹರಿಯುವ ನೀರಿನಡಿ ರಕ್ತ ಹೋಗಲು ಬಿಟ್ಟು ಸೋಪಿನಿಂದ ತೊಳೆಯಬೇಕು; ಬೆರಳನ್ನು ಬಾಯಿಗಿಟ್ಟು ಚೀಪುವುದು, ಗಸಗಸ ಉಜ್ಜುವುದು ಸಲ್ಲದು. ಎಚ್‌ಐವಿ ತಡೆ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಬೇಕು. ಇನ್ನು ಕೈಗವಸು. ಅದೇ ಕೈಗವಸಿನಲ್ಲಿ ಮೊಬೈಲ್ ಎತ್ತುವುದು, ಡ್ರಾಯರ್ ಎಳೆಯುವುದು, ಫೀಸಿನ ಚಿಲ್ಲರೆ ಎಣಿಸುವುದು ನಡೆದರೆ ಅದನ್ನು ಹಾಕಿಯೂ ಹಾಕದಂತೆ.

ತುರ್ತು ಹೊತ್ತು

ಚೇರಿನಲ್ಲಿ ಹೆಚ್ಚಾಗಿ ಆಗುವುದು ತಲೆಸುತ್ತಿ ಬೀಳುವುದು. ಚೇರನ್ನು ಚಪ್ಪಟೆ ಮಾಡಿ ಕಾಲು ಎತ್ತಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ತುಂಬುಬಸುರಿಯನ್ನು ಮಾತ್ರ ಅಂಗಾತ ಮಲಗಿಸದೆ ಎಡಕ್ಕೆ ವಾಲಿಸಬೇಕು, ಇಲ್ಲವಾದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಬೆಳಗ್ಗೆ ಶುಗರ್ ಮಾತ್ರೆ ನುಂಗಿ 'ಹಲ್ಲು ಕೀಳ್ತಾರಲ್ಲ' ಎಂದು ತಿಂಡಿ ಬಿಟ್ಟು ಬಂದವರು ಬೆವರಿ ತಡವರಿಸತೊಡಗಿದರೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕೊಡಬೇಕು. ಔಷಧದ ತೀವ್ರ ಅಲರ್ಜಿಗೆ, ಅಂದರೆ ಉಬ್ಬಸ, ಊತ, ರಕ್ತದೊತ್ತಡ ಕುಸಿತ ಕಂಡಾಗ, ವಯಸ್ಕರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡಬೇಕು. ಅಲ್ಲಿ ನರ್ಸ್ ಕೆಲಸ ಆಮ್ಲಜನಕ ಹಚ್ಚುವುದು, ಆಂಬುಲೆನ್ಸ್ ಕರೆಯುವುದು, ಗಡಿಯಾರ ನೋಡಿ ಸಮಯ ಬರೆಯುವುದು. ಪೆಟ್ಟಿಗೆಯಲ್ಲಿನ ಔಷಧದ ಅವಧಿ ಮುಗಿದಿದೆ ಎಂಬುದು ಆಗ ಗೊತ್ತಾಗಬಾರದು. ಆಮ್ಲಜನಕದ ಸಿಲಿಂಡರ್ ಖಾಲಿಯೇ ಎಂದು ವಾರವಾರ ನೋಡುವ ಪುಸ್ತಕವೊಂದು ಇರಬೇಕು.

ಭಾರತ ಮತ್ತು ಕರ್ನಾಟಕ

1948ರ ದಂತವೈದ್ಯರ ಕಾಯ್ದೆ ವೈದ್ಯರು, ಡೆಂಟಲ್ ಹೈಜಿನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂಬ ಮೂವರಿಗೆ ನೋಂದಣಿ ಒದಗಿಸಿತು. ಚೇರಿನ ಪಕ್ಕದ ಸಹಾಯಕರಿಗೆ ಅದರಲ್ಲಿ ಜಾಗ ಇರಲಿಲ್ಲ. ಅದರ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ದಾವಣಗೆರೆ, ಧಾರವಾಡ ಎಂದು ದಂತ ಕಾಲೇಜುಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯ ನಮ್ಮದು. ಅಲ್ಲಿಂದ ಹೊರಬಂದವರು ತೆರೆದ ಸಣ್ಣ ಕ್ಲಿನಿಕ್ಕುಗಳಲ್ಲಿ ಸಹಾಯಕಿಯಾಗಿರುವುದು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಅದೇ ಬಡಾವಣೆಯ ಹುಡುಗಿ. ಕಸ ಗುಡಿಸುವುದು, ಫೋನ್ ಎತ್ತುವುದು, ಟೋಕನ್ ಕೊಡುವುದು, ಸಕ್ಷನ್ ಹಿಡಿಯುವುದು, ಆಟೋಕ್ಲೇವ್ ಹಚ್ಚುವುದು ಎಲ್ಲ ಆಕೆಯದೇ. ಆರು ತಿಂಗಳಲ್ಲಿ ಕೈ ಚುರುಕಾಗುತ್ತದೆ. ಆದರೆ ಏಕೆ ಹೀಗೆ ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ, ಹೇಳದೆ ಹೋದದ್ದು ವೈದ್ಯರು ಊರಲ್ಲಿಲ್ಲದ ದಿನ ಮೊದಲು ಬಿಟ್ಟುಹೋಗುತ್ತದೆ. ರಾಷ್ಟ್ರೀಯ ಕೌಶಲ ಯೋಜನೆಯಡಿ ಡೆಂಟಲ್ ಅಸಿಸ್ಟೆಂಟ್ ಕೋರ್ಸ್ ಇದ್ದರೂ ಕ್ಲಿನಿಕ್ಕುಗಳು ಅದನ್ನು ಕೇಳುವುದು ಅಪರೂಪ.

ಕಾನೂನಿನ ಹಿಡಿತ ಬಿಗಿಯಾಗಿರುವುದು ತ್ಯಾಜ್ಯದ ವಿಷಯದಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತದ ಹತ್ತಿ, ಕಿತ್ತ ಹಲ್ಲು ಹಳದಿ ಚೀಲಕ್ಕೆ. ಕೈಗವಸು, ಪ್ಲಾಸ್ಟಿಕ್ ನಳಿಗೆ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ ಹೋಗಬೇಕು. ಬೆಳ್ಳಿ ಸಿಮೆಂಟ್ ತುಂಬಿದ ಹಲ್ಲನ್ನು ಮಾತ್ರ ಸುಡಲು ಹೋಗುವ ಹಳದಿ ಚೀಲಕ್ಕೆ ಹಾಕಬಾರದು, ಅದರ ಪಾದರಸ ಹೊಗೆಯಾಗಿ ಗಾಳಿಗೆ ಸೇರುತ್ತದೆ. ಎಕ್ಸ್‌ರೇ ಯಂತ್ರದ ಮೇಲ್ವಿಚಾರಣೆ ಅಣುಶಕ್ತಿ ನಿಯಂತ್ರಣ ಮಂಡಳಿಯದು.

ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ಬ್ರಿಟನ್ನಿಗೆ ಹೋದವರಲ್ಲಿ ಕೆಲವರು ಅಲ್ಲಿನ ವೈದ್ಯ ನೋಂದಣಿ ಪರೀಕ್ಷೆಗೆ ಸರದಿ ಕಾಯುತ್ತ ಡೆಂಟಲ್ ನರ್ಸ್ ಆಗಿ ದುಡಿಯುತ್ತಾರೆ. ಊರಿನಲ್ಲಿ ತಾವೇ ಕೈಚಾಚಿ ಉಪಕರಣ ಕೇಳುತ್ತಿದ್ದವರು ಅಲ್ಲಿ ಭೂತಗನ್ನಡಿಯಡಿ ಉಪಕರಣ ನೋಡುತ್ತ, ಕೊಳವೆಗೆ ನೀರು ಹರಿಸುತ್ತ ದಿನ ಆರಂಭಿಸುತ್ತಾರೆ. ಮೊದಲು ದಂತವೈದ್ಯ ಪದವಿಯ ಆಧಾರದ ಮೇಲೆಯೇ ನರ್ಸ್ ನೋಂದಣಿಗೆ ಅರ್ಜಿ ಹಾಕಬಹುದಿತ್ತು. 2023ರ ಮಾರ್ಚ್‌ನಲ್ಲಿ ಆ ದಾರಿ ಮುಚ್ಚಿತು. ಈಗ ಅವರೂ ತರಬೇತಿ ಅಭ್ಯರ್ಥಿಯಾಗಿ ಸೇರಿ, ಡೆಂಟಲ್ ನರ್ಸಿಂಗ್ ಕೋರ್ಸನ್ನು ಮೊದಲಿನಿಂದ ಓದಿ ಪಾಸಾಗಬೇಕು.